ಹಿತ್ತಲ ಮನೆಯ ಕಿಟಕಿ

"ಅದು ಗಾಳಿಗೆ ಅಂತ ಇಟ್ಟ ಕಿಟಕಿ ಅಲ್ಲ ಸಾರ್. ನಮ್ಮನೆ ಒಳಗೆ ಇಣುಕೋಕೇ ಇಟ್ಟಿರೋದು!"

ಅಂದೇಬಿಟ್ಟಳು. ಪುರಸಭೆಯ ಸಭಾಂಗಣದಲ್ಲಿ, ಅಷ್ಟೂ ಜನರ ಮುಂದೆ, ಅದೂ ಮೈಕ್ ಹಿಡಿದುಕೊಂಡು.

ಟೈಲರಮ್ಮ ಎಂದರೆ ಬೀದಿಗೆಲ್ಲ ಮೆದುಮಾತಿನವಳು. ಕುಪ್ಪಸ ಬಿಗಿಯಾಯಿತೆಂದು ಯಾರಾದರೂ ರೇಗಿದರೂ "ಕೊಡಿ ಅಕ್ಕಾ, ಬಿಚ್ಚಿ ಕೊಡ್ತೀನಿ" ಎನ್ನುವವಳೇ ಹೊರತು ಎದುರು ಮಾತಾಡಿದವಳಲ್ಲ. ಇವತ್ತು ಅವಳ ನಾಲಿಗೆಗೆ ಏನಾಗಿತ್ತೋ!

ಪಕ್ಕದ ಮನೆಯ ಬಸ್ ಡ್ರೈವರ್ ತನ್ನ ಸೈಟಿನ ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಕಟ್ಟಲು ಅನುಮತಿ ಕೇಳಿದ್ದ. ಒಂದೇ ಸೈಟಿನಲ್ಲಿ ಎರಡನೇ ಮನೆ ಏಳಬೇಕಾದರೆ ಅಕ್ಕಪಕ್ಕದವರ ಅಭಿಪ್ರಾಯ ಕೇಳಬೇಕು. ಅದಕ್ಕೇ ಈ ಸಭೆ.

ಡ್ರೈವರ್ ಎದ್ದು ನಿಂತ. ಕಿವಿಯೆಲ್ಲ ಕೆಂಪಾಗಿತ್ತು.

"ಆ ಮನೆ ನಮ್ಮತ್ತೆಗೆ ಸಾರ್. ತೀರಿಹೋದ ನನ್ನ ಹೆಂಡತಿಯ ತಾಯಿ. ಕಣ್ಣು ಮಂಜಾಗ್ತಾ ಇದೆ, ಒಬ್ಬರೇ ಇರೋಕಾಗಲ್ಲ. ಅಳಿಯನ ಮನೇಲಿ ಬಂದು ಕೂರಲ್ಲ, ನಂಗೆ ನಂದೇ ಬಾಗಿಲು, ನಂದೇ ಒಲೆ ಬೇಕು ಅಂತಾರೆ. ಹೋದ ಸಲ ಬಂದಾಗ ಹಿತ್ತಲಲ್ಲಿ ಕೂತು ಪಕ್ಕದ ಮನೆ ಹೊಲಿಗೆ ಮಷಿನ್ ಸದ್ದು ಕೇಳಿಸ್ಕೊಳ್ತಾ ಇದ್ರು. ಈ ಸದ್ದಿನ ಕಡೆಗೆ ಒಂದು ಕಿಟಕಿ ಇಡಪ್ಪಾ, ಯಾರೋ ಜೊತೆಗಿದಾರೆ ಅನ್ಸತ್ತೆ ಅಂದ್ರು. ಅಷ್ಟೇ." ಆಮೇಲೆ ಅವಳ ಕಡೆ ತಿರುಗಿದ. "ಇವರನ್ನ ಮೊದಲೇ ಕೇಳ್ಬೇಕಿತ್ತು. ತಪ್ಪು ನಂದೇ. ಕಿಟಕಿ ತೆಗೆದು ಬೇರೆ ನಕ್ಷೆ ಕೊಡ್ತೀನಿ."

ಸಭೆ ಮುಂದಿನ ತಿಂಗಳಿಗೆ ಹೋಯಿತು. ಟೈಲರಮ್ಮ ಮಾತ್ರ ಕೂತಲ್ಲೇ ಭೂಮಿಗಿಳಿದು ಹೋಗಿದ್ದಳು. ಕಣ್ಣು ಕಾಣದ ಮುದುಕಿಯ ಕಿಟಕಿಯನ್ನು ಇಣುಕುವ ಕಿಟಕಿ ಅಂದೆನಲ್ಲ, ಛೇ!

ಸಿಟ್ಟಿನ ಕಾರಣ ಅವಳೊಬ್ಬಳಿಗೇ ಗೊತ್ತು. ಕಿಟಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಡ್ರೈವರ್ ವಾರವಾರ ಯೂನಿಫಾರಂ ಶರ್ಟಿನ ಗುಂಡಿ ಹಾಕಿಸಲು ಬರುತ್ತಿದ್ದ. "ನಿಮ್ಮ ಬಸ್ಸಿನ ಸ್ಟೇರಿಂಗ್ ಗುಂಡಿ ತಿನ್ನುತ್ತಾ?" ಎಂದು ಅವಳು ಕೇಳಿದರೆ "ಹೌದು ನೋಡಿ, ಹಸಿವು ಜಾಸ್ತಿ ಅದಕ್ಕೆ" ಎಂದು ನಗುತ್ತಿದ್ದ. ತಾನಾಗಿ ಕಿತ್ತುಬಂದ ಗುಂಡಿಯ ದಾರ ಎಳೆ ಎಳೆಯಾಗಿರುತ್ತದೆ. ಇವನ ಶರ್ಟಿನದು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಅವಳು ಕಂಡರೂ ಕಾಣದವಳಂತೆ ಇರುತ್ತಿದ್ದಳು, ಮತ್ತು ಗುಂಡಿಯನ್ನು ಒಂದಿಷ್ಟು ಸಡಿಲವಾಗಿಯೇ ಹಾಕಿಕೊಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಟೇಪು ಹಿಡಿದುಕೊಂಡು ಬಂದ. "ಸ್ವಲ್ಪ ನಿಂತ್ಕೊಳ್ಳಿ. ಹೆಂಗಸರಿಗೆ ಅಡುಗೆಕಟ್ಟೆ ಎಷ್ಟು ಎತ್ತರ ಬೇಕಾಗತ್ತೆ? ಅವರೂ ನಿಮ್ಮಷ್ಟೇ ಎತ್ತರ."

ಅವರು! ಊರಿಗೆಲ್ಲ ಅಳತೆ ತೆಗೆಯುವವಳು ಇನ್ನೊಬ್ಬಳ ಅಳತೆಗೆ ಗೊಂಬೆಯಾಗಿ ನಿಲ್ಲುವಂತಾಯಿತು. ಮದುವೆಯಾಗುತ್ತಿದ್ದಾನೆ, ಹೊಸ ಹೆಂಡತಿಗೆ ಹೊಸ ಮನೆ ಎಂದುಕೊಂಡಳು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವರು ಎಂದರೆ ಯಾರು ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಸಭೆಯಾದ ಮೇಲೆ ಹೊಲಿಗೆ ಮಷಿನ್ ಮುಂದೆ ಕೂರುವುದಕ್ಕೇ ನಾಚಿಕೆ. ಪೆಡಲ್ ತುಳಿದರೆ ಸದ್ದು ಗೋಡೆಯಾಚೆ ಹೋಗುತ್ತದಲ್ಲ. ಕಾಜಾ, ಹೆಮ್ಮಿಂಗು ಎಂದು ಕೈಕೆಲಸವನ್ನೇ ಮಾಡುತ್ತಾ ದಿನ ನೂಕಿದಳು. ಡ್ರೈವರ್ ಎದುರು ಸಿಕ್ಕರೆ ತಲೆತಗ್ಗಿಸಿ ಒಳಗೆ ಓಡುತ್ತಿದ್ದಳು. ಅವನೂ ಗುಂಡಿ ತರುವುದನ್ನು ಬಿಟ್ಟಿದ್ದ.

ಒಂದು ಮಧ್ಯಾಹ್ನ ಕಾಂಪೌಂಡಿನಾಚೆಯಿಂದ ಮುದಿದನಿ ಕೇಳಿತು.

"ಮಷಿನ್ ಕೆಟ್ಟೋಯ್ತೇನಮ್ಮಾ? ನಾನು ಬಂದು ಎರಡು ದಿನ ಆಯ್ತು, ಸದ್ದೇ ಇಲ್ವಲ್ಲ."

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಾಂಪೌಂಡಿನ ಹತ್ತಿರ ಬಂದಳು. "ಇಲ್ಲ ಅಜ್ಜೀ... ಹಾಗೇ ಸುಮ್ನೆ."

"ಕಿಟಕಿ ವಿಷಯಕ್ಕೆ ಬೇಜಾರು ಮಾಡ್ಕೋಬೇಡ ಕಣಮ್ಮಾ. ಒಂಟಿ ಹೆಣ್ಣುಮಗಳು, ಅವರು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನಮ್ಮ ಅಳಿಯನೇ ಅಂದ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ತನ್ನ ಪರವಾಗಿ ಮಾತಾಡಿದ್ದನ್ನು ಕೇಳಿ ಅವಳು ಅಲ್ಲೇ ಗೋಡೆಗೊರಗಿ ಅತ್ತಳು. ಹತ್ತು ಜನರ ಮುಂದೆ ಅವನ ಮಾನ ಕಳೆದು, ಗೋಡೆಯ ಮರೆಯಲ್ಲಿ ಕ್ಷಮೆ ಕೇಳಿದರೆ ಏನು ಬಂತು? ಆಡಿದಲ್ಲೇ ಹೋಗಿ ಹೇಳಬೇಕು ಎಂದು ನಿರ್ಧರಿಸಿದಳು.

ಮುಂದಿನ ಸಭೆಯಲ್ಲಿ ಡ್ರೈವರನ ಹೊಸ ನಕ್ಷೆ ಬಂತು. ಕಿಟಕಿಯಿದ್ದ ಕಡೆ ಬೋಳು ಗೋಡೆ.

"ಯಾರದಾದರೂ ಆಕ್ಷೇಪಣೆ?" ಎಂದರು ಅಧಿಕಾರಿ, ಪೆನ್ನಿನ ಮುಚ್ಚಳ ಹಾಕುತ್ತಾ.

"ನಂದಿದೆ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ "ಶುರುವಾಯ್ತಪ್ಪಾ" ಎಂದರು. ಅಧಿಕಾರಿ ನಿಟ್ಟುಸಿರುಬಿಟ್ಟರು. "ಕಿಟಕಿ ತೆಗೆದಿದಾರಲ್ಲಮ್ಮಾ, ಇನ್ನೇನು?"

"ಅದಕ್ಕೇ ಸಾರ್. ಕಿಟಕಿ ಇಲ್ಲದೇ ಇರೋದಕ್ಕೇ ನನ್ನ ಆಕ್ಷೇಪಣೆ."

ಸಭೆ ಗೊಳ್ಳೆಂದಿತು. ಅವಳು ಮೈಕ್ ಬಿಡಲಿಲ್ಲ.

"ಹೋದ ಸಲ ನಾನು ಹೇಳಿದ್ದು ಸುಳ್ಳು. ಇವರು ಮದುವೆ ಆಗ್ತಿದಾರೆ, ಅದಕ್ಕೇ ಮನೆ ಕಟ್ತಿದಾರೆ ಅಂದ್ಕೊಂಡೆ. ಹೊಟ್ಟೆ ಉರೀತು. ಬಾಯಿಗೆ ಬಂದಿದ್ದು ಅಂದೆ. ಇವರು ಅಂಥವರಲ್ಲ. ತಪ್ಪಾಯ್ತು."

ನಗು ನಿಂತಿತು. ಹೊಟ್ಟೆ ಯಾಕೆ ಉರಿಯಿತೆಂದು ಅಲ್ಲಿ ಯಾರೂ ಬಿಡಿಸಿ ಕೇಳಬೇಕಾಗಿರಲಿಲ್ಲ. ಅವಳು ಮುಖವೆತ್ತಲಾರದೆ ತನ್ನ ಕಾಲ್ಬೆರಳುಗಳನ್ನೇ ನೋಡುತ್ತಾ ನಿಂತಳು.

"ನೀವೇನಂತೀರಪ್ಪಾ?" ಎಂದರು ಅಧಿಕಾರಿ.

ಡ್ರೈವರ್ ಎದ್ದ. ಶರ್ಟಿನ ಎರಡನೇ ಗುಂಡಿ ಇರಲಿಲ್ಲ.

"ಅವರು ಹೋದ ಸಲ ಹೇಳಿದ್ದು ಪೂರ್ತಿ ಸುಳ್ಳಲ್ಲ ಸಾರ್," ಎಂದ ಮೆಲ್ಲಗೆ. "ಅತ್ತೆಗೆ ಸದ್ದು ಕೇಳಿದ್ರೆ ಸಾಕು. ಇಣುಕಬೇಕು ಅಂತ ಇದ್ದಿದ್ದು ನಂಗೇ. ನಾಚಿಕೆಗೆ ಅವತ್ತು ಅದೊಂದು ಮಾತ್ರ ಬಾಯಿಗೆ ಬರಲಿಲ್ಲ."

ಅವಳು ತಲೆಯೆತ್ತಿದಳು. ಅವನೂ ನಾಚಿ ಬೆವರುತ್ತಿದ್ದ. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರದ ಇನ್ನೊಂದು ತುದಿಯನ್ನು ಅವನು ಹಿಡಿದಿದ್ದ.

ಅಧಿಕಾರಿ ಹಳೇ ನಕ್ಷೆಯನ್ನು ಹುಡುಕಿ ಮೇಲಕ್ಕಿಟ್ಟುಕೊಂಡರು. "ಸರಿ, ಕಿಟಕಿ ಇರಲಿ. ಪಕ್ಕದ ಮನೆಯವರ ಮರ್ಯಾದೆಗೆ ಪರದೆ ಹಾಕಿಸಬೇಕು ಅಂತ ಒಂದು ಷರತ್ತು ಬರೀತೀನಿ, ಆಯ್ತಾ?"

ಟೈಲರಮ್ಮ ಮೈಕನ್ನು ಕೆಳಗಿಟ್ಟಳು. ಈ ಮಾತು ಎಲ್ಲರಿಗೂ ಕೇಳಬೇಕಿರಲಿಲ್ಲ.

"ಪರದೆ ಬೇಡ ಸಾರ್," ಎಂದಳು.