ಸುಳ್ಳು ಮೊಣಕೈ

ಹುಟ್ಟುವಾಗಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಬಂದವಳು ಎಂದು ಅವಳ ಮನೆಯವರು ಹೇಳುತ್ತಿದ್ದರು. ಕ್ರಿಕೆಟ್ ಕೋಚ್ ಆಗುವ ತರಬೇತಿಗೆ ಸೇರಿದ ಮೊದಲ ವಾರವೇ ಸಹಪಾಠಿಗಳಿಗೂ ಅದು ಗೊತ್ತಾಗಿ, ‘ಕಿಡಿ’ ಎಂದು ಹೆಸರಿಟ್ಟುಬಿಟ್ಟರು. ಆದರೆ ಆ ಬೆಳಿಗ್ಗೆ ನೆಟ್‌ನ ಹಿಂದೆ ನಿಂತವಳ ಮುಖದಲ್ಲಿ ಹಿಗ್ಗು ಬಿಟ್ಟರೆ ಬೇರೇನೂ ಇರಲಿಲ್ಲ.

ನೆಟ್‌ನೊಳಗೆ ಸಾಧು ಬ್ಯಾಟ್ ಮಾಡುತ್ತಿದ್ದ. ಯಾರಿಗೂ ಎದುರುತ್ತರ ಕೊಡದವನು, ಅದಕ್ಕೇ ಆ ಹೆಸರು. ಹಿಂದಿನ ದಿನದ ಪರೀಕ್ಷೆಯಲ್ಲಿ ಅವಳಿಗೆ ಶಿಷ್ಯನಾಗಿ ಸಿಕ್ಕಿದ್ದವನು ಅವನೇ. ಅಲ್ಲಿನ ಪದ್ಧತಿ ಹಾಗೆ: ಒಬ್ಬರು ಆಡಬೇಕು, ಇನ್ನೊಬ್ಬರು ಆಟದಲ್ಲಿರುವ ತಪ್ಪನ್ನು ಕಣ್ಣಲ್ಲೇ ಹಿಡಿದು ಅಲ್ಲೇ ತಿದ್ದಬೇಕು. ತಿದ್ದಿದರೆ ಸರ್ಟಿಫಿಕೇಟ್, ಇಲ್ಲದಿದ್ದರೆ ಮುಂದಿನ ವರ್ಷ. ಡ್ರೈವ್ ಹೊಡೆಯುವಾಗ ಅವನ ಎಡ ಮೊಣಕೈ ಜೋತುಬಿದ್ದು ಚೆಂಡು ಗಾಳಿಗೆ ಹಾರುವುದನ್ನು ಅವಳು ಚಕ್ಕನೆ ಹಿಡಿದಿದ್ದಳು. ತಿದ್ದಿಯೂ ತೋರಿಸಿದ್ದಳು. ತರಬೇತಿ ಕೊಡುವ ಸರ್ ಬಾಯಿಂದ ಅಪರೂಪಕ್ಕೊಂದು ‘ಭೇಷ್’ ಬಂದಿತ್ತು.

ಈಗ ನೋಡಿದರೆ ಆ ಮೊಣಕೈ ಬೆಳಗಿನ ಬಿಸಿಲಲ್ಲಿ ನೆಟ್ಟಗೆ ಎದ್ದು ನಿಂತಿದೆ. ಚೆಂಡು ಹುಲ್ಲಿನ ಮೈ ಸವರಿಕೊಂಡು ಹೋಗುತ್ತಿದೆ.

“ನೋಡಿದ್ಯಾ, ಒಂದೇ ದಿನಕ್ಕೆ ಹೇಗೆ ಕೂತಿದೆ ನನ್ನ ಪಾಠ!” ಎಂದಳು, ಪಕ್ಕದಲ್ಲಿ ಕಾಲಿಗೆ ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ ಕೀಪರ್ ಡುಮ್ಮನಿಗೆ.

“ನಿನ್ನ ಪಾಠಾನಾ? ಅಮ್ಮಾ ತಾಯಿ, ನಾನೂ ಅವನೂ ಒಂದೇ ಸ್ಕೂಲು. ಅವನು ಚಡ್ಡಿ ಹಾಕ್ಕೊಂಡು ಆಡ್ತಿದ್ದಾಗಿಂದ ಆ ಮೊಣಕೈ ಹೀಗೇ ನೆಟ್ಟಗಿದೆ. ನಿನ್ನೆ ಅವನು…” ಡುಮ್ಮ ನಾಲಿಗೆ ಕಚ್ಚಿಕೊಂಡ.

“ನಿನ್ನೆ ಅವನು ಏನು?”

“ಏನಿಲ್ಲ. ನೀರು ಕುಡಿದು ಬರ್ತೀನಿ.”

“ಡುಮ್ಮಾ!”

“ನಟನೆ ಮಾಡ್ದ ಕಣೇ. ನಿಂಗೆ ಸುಲಭ ಆಗ್ಲಿ ಅಂತ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ, ಕೈ ಮುಗೀತೀನಿ!”

ಅವಳ ಕಿವಿ ಬಿಸಿಯಾಯಿತು. ‘ಹುಡುಗರಿಗೆ ಬ್ಯಾಟಿಂಗ್ ಕಲಿಸೋಕೆ ನೀನಾ? ಯಾರಾದ್ರೂ ಅಯ್ಯೋ ಪಾಪ ಅಂತ ಪಾಸ್ ಮಾಡಿದ್ರೆ ಉಂಟು’ ಎಂದು ಅವಳು ತರಬೇತಿಗೆ ಸೇರುವ ದಿನ ಅಣ್ಣ ಅಡುಗೆಮನೆಯ ಬಾಗಿಲಿಗೆ ಒರಗಿ ನಕ್ಕಿದ್ದ. ನಿನ್ನೆ ಊಟದ ಹೊತ್ತಿಗೆ ಅದೇ ಅಣ್ಣನ ಮುಂದೆ ಎದೆಯುಬ್ಬಿಸಿಕೊಂಡು ಕೂತಿದ್ದಳು. ಈಗ ನೋಡಿದರೆ ಅವನ ಮಾತೇ ನಿಜವಾಗಿತ್ತು. ಅಯ್ಯೋ ಪಾಪ ಎಂದವನೂ ಸಿಕ್ಕಿದ್ದ.

“ಹೊರಗೆ ಬಾ!”

ಸಾಧು ಹೆಲ್ಮೆಟ್ ತೆಗೆದು ಬಂದ. ಬೆವರಿಗೆ ಅಂಟಿದ ಕೂದಲು, ಉದ್ದುದ್ದ ರೆಪ್ಪೆ. ಅವಳು ರೆಪ್ಪೆ ನೋಡಿದಳು. ಇಂಥ ಹೊತ್ತಲ್ಲೂ ರೆಪ್ಪೆ ನೋಡಿದೆನಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

“ನಿನ್ನೆ ಮೊಣಕೈಗೆ ಏನಾಗಿತ್ತು? ಲಕ್ವ ಹೊಡೆದಿತ್ತಾ?”

ಅವನು ಬ್ಯಾಟಿನ ತುದಿ ನೋಡಿದ. “ಟೆಸ್ಟ್‌ಗೆ ಮುಂಚೆ ನೀನು ಉಗುರೆಲ್ಲ ಕಚ್ಚಿ ಹಾಕಿದ್ದೆ. ನನ್ನಿಂದ ನೋಡೋಕಾಗ್ಲಿಲ್ಲ.”

“ಆಗ್ದಿದ್ರೆ ಆ ಕಡೆ ತಿರುಗ್ಬೇಕಿತ್ತು! ನಾನು ನಿನ್ನ ಹತ್ರ ಭಿಕ್ಷೆ ಕೇಳಿದ್ನಾ? ನನ್ನ ಕಣ್ಣಿಗೆ ತಪ್ಪು ಕಾಣ್ಸುತ್ತೋ ಇಲ್ವೋ ಅಂತ ನಾನೇ ತಿಳ್ಕೊಳ್ಳೋ ದಿನ ಅದು. ನಾಳೆ ಯಾರದೋ ಮಕ್ಕಳು ನನ್ನ ಮಾತು ನಂಬಿ ಆಡ್ತಾರೆ ಕಣೋ!”

“ಬೇಜಾರ್ ಮಾಡ್ಕೋಬೇಡ…”

“ಬೇಜಾರಲ್ಲ ಇದು. ಕೋಪ!”

ಅವಳು ನೇರ ಸರ್ ರೂಮಿಗೆ ನುಗ್ಗಿದಳು. ಸರ್ ಕುರ್ಚಿಯ ತುಂಬ ಹರಡಿದ್ದ ಅಭ್ಯಾಸದ ಪ್ಲಾಸ್ಟಿಕ್ ಕೋನ್‌ಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು.

“ನನ್ನ ಪಾಸ್ ರದ್ದು ಮಾಡಿ ಸರ್. ನಾನು ತಿದ್ದಿದ್ದು ಇಲ್ಲದ ತಪ್ಪನ್ನ.”

ಹಿಂದೆಯೇ ಓಡಿಬಂದ ಸಾಧು ಬಾಗಿಲಲ್ಲೇ ನಿಂತ. “ನಾಟಕ ಮಾಡಿದ್ದು ನಾನು ಸರ್. ಅವಳಿಗೆ ಗೊತ್ತೇ ಇರಲಿಲ್ಲ.”

ಸರ್ ಮೀಸೆ ಕೆರೆದುಕೊಂಡರು. ತಾವೂ ಮೋಸಹೋದ ಸಂಕಟ ಮುಖದಲ್ಲಿ ಕಾಣುತ್ತಿತ್ತು. “ಸಂಜೆ ಮತ್ತೆ ಟೆಸ್ಟ್. ಇದೇ ಜೋಡಿ. ಈ ಸಲ ನಾಟಕ ಆಡಿದ್ರೋ, ಇಬ್ಬರೂ ಗಂಟುಮೂಟೆ ಕಟ್ಟಿ!”

ಸಂಜೆ ಸಾಧು ಇದ್ದದ್ದು ಇದ್ದಂತೆ ಆಡಿದ. ಅದೇ ದೊಡ್ಡ ಫಜೀತಿಯಾಯಿತು. ಅವಳು ಎಸೆದ ಚೆಂಡೆಲ್ಲ ಬ್ಯಾಟಿನ ನಟ್ಟನಡುವೆ. ಹಿಡಿತ ಸರಿ, ತಲೆ ಸರಿ, ಹಾಳಾದ ಆ ಮೊಣಕೈಯಂತೂ ಚಿತ್ರ ಬರೆದ ಹಾಗೆ. ನೆಟ್‌ನಾಚೆ ಸರ್ ಗಡಿಯಾರ ನೋಡಿಕೊಂಡರು. ತಪ್ಪೇ ಇಲ್ಲದವನಲ್ಲಿ ಏನೆಂದು ತಿದ್ದುವುದು?

ಒಂದು ಚೆಂಡನ್ನು ಗಿಡ್ಡವಾಗಿ ನೆಲಕ್ಕೆ ಕುಕ್ಕಿ ಎಸೆದಳು. ಅದು ಅವನ ಎದೆಮಟ್ಟಕ್ಕೆ ಎದ್ದಿತು. ಹೇಗೋ ತಡೆದ. ಆದರೆ ಅವಳು ಕುಕ್ಕಲು ಕೈ ಬೀಸಿದ್ದನ್ನು ಕಂಡು, ಚೆಂಡು ಕೈ ಬಿಡುವ ಮುಂಚೆಯೇ, ಅವನ ಹಿಂಗಾಲು ಚೆಂಡಿನ ದಾರಿ ಬಿಟ್ಟು ಲೆಗ್ ಕಡೆಗೆ ಸರಿದಿತ್ತು. ಇನ್ನೊಂದು ಎಸೆದಳು. ಮತ್ತೆ ಸರಿಯಿತು. ಹಾಗೆಯೇ ಬರಿಗೈ ಬೀಸಿದಳು. ಚೆಂಡೇ ಇಲ್ಲ, ಆದರೂ ಕಾಲು ಸರಿಯಿತು.

ಅವನು ತಲೆಯೆತ್ತಿದ. ಆ ಕಣ್ಣು ‘ಹೇಳಬೇಡ’ ಎನ್ನುತ್ತಿತ್ತು.

ಅವಳು ಹತ್ತಿರ ಹೋದಳು. ದನಿ ತಾನಾಗಿ ಇಳಿಯಿತು. “ಎಲ್ಲಿಗೆ ಬಿದ್ದಿತ್ತು ಪೆಟ್ಟು?”

“ದವಡೆಗೆ. ಸ್ಕೂಲ್ ಟೀಮಲ್ಲಿದ್ದಾಗ. ಪೆಟ್ಟು ಬಿದ್ದಿದ್ದು ಎಲ್ಲರಿಗೂ ಗೊತ್ತು. ಹೆದರ್ಕೊಂಡಿದ್ದು ಯಾರಿಗೂ ಗೊತ್ತಿಲ್ಲ.” ಅವನು ಗ್ಲೌಸ್‌ನ ಪಟ್ಟಿ ಬಿಗಿದುಕೊಂಡ. “ನಿನ್ನೆ ಮೊಣಕೈ ಬೀಳಿಸಿದ್ದು ಅರ್ಧ ನಿನಗೋಸ್ಕರ. ಇನ್ನರ್ಧ, ಇದು ನಿನ್ನ ಕಣ್ಣಿಗೆ ಬೀಳ್ದೇ ಇರ್ಲಿ ಅಂತ.”

“ಬಿದ್ದಿದ್ರೆ ಏನಾಗ್ತಿತ್ತು?”

“ನಗ್ತಿದ್ದೆ ನೀನು.”

“ನಗೋದಾ!” ಇಳಿದ ದನಿ ಮತ್ತೆ ಮುಗಿಲಿಗೇರಿತು. “ಇಷ್ಟು ದಿನ ನನ್ನ ಪಕ್ಕ ಕೂತು ಇಷ್ಟೇನಾ ನೀನು ನನ್ನನ್ನ ತಿಳ್ಕೊಂಡಿದ್ದು? ಬ್ಯಾಟ್ ಕೆಳಗಿಡು. ಇಡು ಅಂದೆ!”

ಚೀಲದಿಂದ ಟೆನಿಸ್ ಬಾಲ್ ತೆಗೆದಳು. “ಹೊಡೀಬೇಡ, ಹಿಡೀಬೇಡ. ಬರೀ ನೋಡು. ಹತ್ರ ಬಂದಾಗ ತಲೆ ತಪ್ಪಿಸ್ಕೋ. ಕಣ್ಣು ಮುಚ್ಚಿದ್ಯೋ, ನೋಡು ಮತ್ತೆ!”

ಮೊದಲ ಚೆಂಡಿಗೆ ಕಣ್ಣು ಮುಚ್ಚಿದ. ಮರುಚೆಂಡಿಗೂ ಮುಚ್ಚಿದ. “ಚೆಂಡು ನೋಡೋ ಮಹರಾಯಾ, ನಿಮ್ಮಪ್ಪನ ಗಂಟೇನು ಹೋಗುತ್ತೆ!” ಎಂದು ಕೂಗುತ್ತ ಎಸೆದಳು, ಹೆಕ್ಕಿ ತಂದು ಮತ್ತೆ ಎಸೆದಳು. ಕೂಗಿನ ನಡುವೆ ಎಲ್ಲೋ ಒಂದು ಚೆಂಡು ಅವನ ಕಿವಿಯ ಪಕ್ಕದಿಂದ ಸುಯ್ಯೆಂದು ಹೋಯಿತು. ಅವನ ಕಣ್ಣು ತೆರೆದೇ ಇತ್ತು. ಕಾಲು ಮಾತ್ರ ಒಂದಿಷ್ಟು ಸರಿಯಿತು.

ಸರ್ ಸೀಟಿ ಊದಿದರು. “ಏನಮ್ಮಾ, ಸರಿಹೋಯ್ತಾ?”

ಹೌದೆಂದರೆ ಮುಗಿಯುತ್ತಿತ್ತು. ಅವಳು ತುಟಿ ಕಚ್ಚಿದಳು.

“ಇಲ್ಲ ಸರ್. ಕಣ್ಣು ತೆರೆಸಿದ್ದೀನಿ, ಕಾಲು ಇನ್ನೂ ಮಾತು ಕೇಳ್ತಿಲ್ಲ. ಒಂದು ಸೀಸನ್ನಾದ್ರೂ ಬೇಕು. ಈಗ್ಲೇ ಸರಿಹೋಯ್ತು ಅಂದ್ರೆ ಅದೂ ನಾಟಕಾನೇ.”

ಸರ್ ಅವನ ಕಾಲನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. “ಪಾಸು. ಇರೋ ತಪ್ಪನ್ನೇ ಹಿಡಿದಿದ್ದೀಯ, ಸುಳ್ಳೂ ಹೇಳ್ಲಿಲ್ಲ. ಆದ್ರೆ ನಿನ್ನೆಗಿಂತ ಕಡಿಮೆ ಮಾರ್ಕ್ಸು. ಕೂಗಾಡಿದ್ದಕ್ಕೆ ಕಟ್!”

“ಅನ್ಯಾಯ ಸರ್! ಕೂಗದೆ ಇವನು ಕೇಳ್ತಾನಾ?”

ಸರ್ ಆಗಲೇ ಗೇಟಿನತ್ತ ಹೊರಟಿದ್ದರು. ಸಂಜೆಗೆಂಪು ಮೈದಾನದ ಮೇಲೆ ಮೆಲ್ಲಗೆ ಮಲಗುತ್ತಿತ್ತು. ಇಬ್ಬರೇ ಉಳಿದು ಚೆಂಡು ಹೆಕ್ಕತೊಡಗಿದರು. ಒಂದೇ ಚೆಂಡಿಗೆ ಇಬ್ಬರ ಕೈಯೂ ಹೋಯಿತು. ಅವನು ಕೈ ಹಿಂತೆಗೆಯಲಿಲ್ಲ.

“ನೀನಂದ್ರೆ ನನಗೆ ಇಷ್ಟ” ಎಂದ, ಚೆಂಡಿಗೆ ಹೇಳಿದ ಹಾಗೆ.

“ಗೊತ್ತು.”

“ಗೊತ್ತಾ? ಮತ್ತೆ ಅಷ್ಟೊಂದು ಕೋಪ?”

“ನೀನಾದ್ದಕ್ಕೇ ಅಷ್ಟು ಕೋಪ! ಬೇರೆ ಯಾರಾದ್ರೂ ಆಗಿದ್ರೆ ಬೈದು ಅಲ್ಲೇ ಮರೀತಿದ್ದೆ. ನೀನು ನನ್ನನ್ನ ಪಾಪ ಅಂದ್ಕೊಂಡ್ರೆ ನಾನು ಎಲ್ಲಿಗೆ ಹೋಗ್ಲಿ?” ಅವಳ ಕಣ್ಣು ತುಂಬಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು. “ನಾಳೆ ಬೆಳಿಗ್ಗೆ ಬೇಗ ಬಾ. ಹೆಲ್ಮೆಟ್ ಹಾಕ್ಕೊಂಡೇ ಬಾ. ಆ ಮುಖಕ್ಕೆ ಇನ್ನೊಂದು ಪೆಟ್ಟು ಬಿದ್ರೆ ತಡ್ಕೊಳ್ಳೋಕೆ ನನ್ನಿಂದಾಗಲ್ಲ.”

ಸಾಧು ನೋಡುತ್ತ ನಿಂತ, ರೆಪ್ಪೆ ಬಡಿಯದೆ.

“ಏನ್ ಹಾಗ್ ನೋಡ್ತೀಯಾ? ಚೀಲ ಎತ್ತು!”

ಅವನು ಚೀಲದ ಒಂದು ಹಿಡಿ ಹಿಡಿದ. ಇನ್ನೊಂದನ್ನು ಅವಳು, ಯಾರೂ ಕೇಳದೆಯೇ, ಗೊಣಗುತ್ತ ಹಿಡಿದಳು.