ಬಿಳಿಚೋಡಿನ ಬಯಲಲ್ಲಿ ಅಣ್ಣನ ವಿಮಾನ

ಗುರ್‍ರ್... ಗುರ್‍ರ್‍ರ್...

ಮಧ್ಯಾಹ್ನದ ಉರಿಬಿಸಿಲಲ್ಲಿ ಆ ಸದ್ದು ಕೇಳಿ ಸುಂಕಲಮ್ಮ ನಿಂತಲ್ಲೇ ನಿಂತಳು. ಬಿಳಿಚೋಡಿನ ಆರೋಗ್ಯ ಕೇಂದ್ರದ ನರ್ಸ್ ಅವಳು. ಎಂಟು ತಿಂಗಳಿಂದ ಈ ಸದ್ದು ಅವಳ ಕಿವಿಯನ್ನು ಬಿಟ್ಟಿರಲಿಲ್ಲ. ಬರೀ ಭ್ರಮೆ ಅಂತ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಆದರೆ ಇವತ್ತು ಬಯಲಿನ ಕುರಿಗಳೂ ತಲೆ ಎತ್ತಿದ್ದವು!

'ಅಣ್ಣಾ...?'

ಓಡಿದಳು.

ತೀರಿಹೋದ ಅಣ್ಣ ಧರ್ಮಪ್ಪ ಕೈಯಾರೆ ಕಟ್ಟಿದ್ದ ಕೆಂಪು ಮಾದರಿ ವಿಮಾನ ಆಕಾಶದಲ್ಲಿತ್ತು! ಆಳೆತ್ತರಕ್ಕಿಂತ ಅಗಲದ ರೆಕ್ಕೆ, ಬೆಳೆಗೆ ಔಷಧಿ ಹೊಡೆಯುವ ಯಂತ್ರದಿಂದ ಕಿತ್ತು ಕೂರಿಸಿದ ಎಂಜಿನ್. ಆದರೆ ಕೆಳಗೆ ರೇಡಿಯೋ ಪೆಟ್ಟಿಗೆ ಹಿಡಿದು ಅದನ್ನು ಹಾರಿಸುತ್ತಿದ್ದವನು ಅಣ್ಣನಲ್ಲ... ಅವನ ಗೆಳೆಯ, ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದ ತಿಪ್ಪೇಶಪ್ಪ.

ವಿಮಾನ ನೆಟ್ಟಗೆ ಮೇಲೇರಿತು. ಅರ್ಧಕ್ಕೇ ಉಸಿರು ಕಟ್ಟಿದಂತೆ ನಿಂತು, ಕಲ್ಲಿನ ಹಾಗೆ ಬಿತ್ತು. ನೆಲ ಮುಟ್ಟುವಷ್ಟರಲ್ಲಿ ಹೇಗೋ ಎತ್ತಿ ಇಳಿಸಿದ ತಿಪ್ಪೇಶಪ್ಪ.

"ನಾಚಿಕೆ ಆಗಾಕಿಲ್ವಾ ನಿಮಗೆ? ದೊಡ್ಡ ಎಂಜಿನ್ ತಾ ಅಂತ ನಮ್ಮಣ್ಣನ್ನ ಕಳಿಸಿದ್ರಿ. ಮೋಟಾರ್ ಸೈಕಲ್ ಮ್ಯಾಲೆ ಹೋದೋನು ಲಾರಿಗೆ ಸಿಕ್ಕ! ಈಗ ಅವನ ವಿಮಾನಾನೂ ಮುರಿಯಾಕೆ ಬಂದ್ರಾ?"

"ಇದನ್ನ ಅವನ ಊರಾಗೇ ಹಾರಿಸಿ, ದುಂಡಗೆ ಪಲ್ಟಿ ಹೊಡೆಸ್ತೀನಿ ಅಂತ ಅವನಿಗೆ ಮಾತು ಕೊಟ್ಟಿದ್ದೆ..." ಅನ್ನುತ್ತ ಅವನು ರೆಕ್ಕೆಯ ಧೂಳು ಒರೆಸಿದ.

ಅವನ ಚೀಲದ ಮೇಲೆ, ವಿಮಾನದ ಜೊತೆಗೇ ಅವನ ಬಳಿ ಉಳಿದಿದ್ದ ಒಂದು ನೋಟ್‌ಬುಕ್ ತೆರೆದುಕೊಂಡಿತ್ತು. ಅಣ್ಣನ ಅಕ್ಷರ! ಅವಳು ಎತ್ತಿಕೊಂಡಳು.

"ಬ್ಯಾಡ್ರೀ, ಅದನ್ನ ಓದಬ್ಯಾಡ್ರಿ!"

ಓದಿದಳು. ಕೊನೆಯ ಪುಟ.

'ದೊಡ್ಡ ಎಂಜಿನ್ನಿಗೆ ಅದರದ್ದೇ ಭಾರ ಐತೆ, ತೂಕ ಇಳಿಸೋಣ ಅಂತಾನೆ ತಿಪ್ಪೇಶಿ. ಆದರೆ ಸುಂಕಲಿ ನಗಾಡಿದಳು. ನಿನ್ನ ವಿಮಾನ ಎಮ್ಮೆ ಇದ್ದಂಗೈತೆ, ದೊಡ್ಡ ಎಂಜಿನ್ ತರಬಾರದಾ ಅಂದಳು. ನಾಳೆನೇ ಹೋಗಿ ತರ್ತೀನಿ.'

ಆ ಸಾಲನ್ನು ಇನ್ನೊಮ್ಮೆ ಓದಿದಳು. ಅಲ್ಲೇ ಕೂತಳು.

"ನಾನಾ...? ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ಊರ ಮುಂದೆಲ್ಲಾ ನಿಮ್ಮನ್ನ ಬೈದೆನಲ್ರೀ!"

"ನನ್ನ ಬೈದಾದ್ರೂ ನಿಮಗೆ ಒಂದೀಟು ನಿದ್ದೆ ಬರಲಿ ಅಂತ..." ಅವನು ನೋಟ್‌ಬುಕ್ ತೆಗೆದುಕೊಂಡು ಮುಚ್ಚಿದ. "ತಂಗಿ ನಗಾಡೋದು ತಪ್ಪೇನ್ರೀ? ಅಡ್ಡ ಬಂದಿದ್ದು ಲಾರಿ."

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಬಾಯಿಬಿಟ್ಟು ಅತ್ತಳು.

ಮುಂದಿನ ಭಾನುವಾರ ಕೂಸುಗಳನ್ನು ತೂಗುವ ಕೊಕ್ಕೆತಕ್ಕಡಿ ಹಿಡಿದು ತಾನೇ ಬಯಲಿಗೆ ಬಂದಳು. "ತೂಕ ಇಳಿಸ್ರಿ. ನಾನು ತೂಗ್ತೀನಿ."

ವಿಮಾನ ಒಂಬತ್ತು ಕಿಲೋ ಇತ್ತು. ಮೂತಿಯಲ್ಲಿದ್ದ ಎಂಜಿನ್ನಿನ ಭಾರಕ್ಕೆ ಸಮ ಮಾಡಲು ಧರ್ಮಪ್ಪ ಬಾಲದಲ್ಲಿ ಸೀಸ ತುಂಬಿದ್ದ. ಅದನ್ನು ತೆಗೆದು, ಬ್ಯಾಟರಿಯನ್ನೇ ಹಿಂದಕ್ಕೆ ಸರಿಸಿದರು. ಒಳಗಿನ ಹಲಗೆಗಳಿಗೆ ತೂತು ಕೊರೆದರು. ಭಾನುವಾರಗಳು ಹೀಗೇ ಕಳೆದವು.

ಒಮ್ಮೆ ಎಂಜಿನ್ ಆರಿಸಿದ ಮೇಲೂ ಇಬ್ಬರೂ ಆಕಾಶವನ್ನೇ ನೋಡುತ್ತಿದ್ದರು.

"ಆ ಸದ್ದು ನಿಮಗೂ... ಕೇಳಿಸ್ತೈತಾ?"

"ದಿನಾ, ಸುಂಕಲಮ್ಮಾ."

ಅವಳಿಗೆ ಭಯವಾಗಲಿಲ್ಲ. ಈ ಸದ್ದಿನ ಜೊತೆ ತಾನೊಬ್ಬಳೇ ಇಲ್ಲ ಅನ್ನಿಸಿತು.

ಐದನೆಯ ಭಾನುವಾರ ತಕ್ಕಡಿಯ ಮುಳ್ಳು ಏಳರಲ್ಲಿ ನಿಂತಿತು. ವಿಮಾನ ನೆಟ್ಟಗೆ ಏರಿತು... ಏರುತ್ತಲೇ ಹೋಯಿತು! ತುದಿಯಲ್ಲಿ ಹೊಟ್ಟೆ ಮೇಲಾಗಿ ಮಗುಚಿ, ದುಂಡಗೆ ಒಂದು ಸುತ್ತು ಬಂದು ಮೆಲ್ಲಗೆ ಇಳಿಯಿತು.

ಅವಳು ನಗುತ್ತಿದ್ದಳು, ಕೆನ್ನೆ ಮಾತ್ರ ಒದ್ದೆ.

"ಅಣ್ಣ ಇರಬೇಕಿತ್ತು..."

"ಇರಬೇಕಿತ್ತು." ತಿಪ್ಪೇಶಪ್ಪ ರೇಡಿಯೋ ಪೆಟ್ಟಿಗೆ ಕೆಳಗಿಟ್ಟು, ತಡವರಿಸಿದ. "ನಿಮ್ಮ ಅವ್ವನ್ನ ಒಂದು ಮಾತು ಕೇಳಾಕೆ ಮನೀಗೆ ಬರ್ಲಾ?"

"ಅವ್ವನ್ನ ಆಮ್ಯಾಲೆ ಕೇಳ್ರಿ. ಮೊದಲು ನನ್ನ ಕೇಳ್ರಿ."

"ನನ್ನ... ನನ್ನ ಮದುವಿ ಆಗ್ತೀರಾ?"

ಅವಳು ಸೆರಗಿನಿಂದ ಅವನ ಹಣೆಯ ಎಣ್ಣೆಮಸಿ ಒರೆಸಿದಳು.

"ಹೂಂ... ಇನ್ಮ್ಯಾಲೆ ನೀವು ಅನ್ನಬ್ಯಾಡ್ರಿ. ನೀನು ಅನ್ರಿ."