ಮೂವತ್ತೆರಡನೆಯ ಉಂಗುರ

"ಮುಷ್ಟಿ ಬಿಚ್ಚಿ, ಕೋಲ್ಬ್ ಮೇಡಂ," ಎಂದ ವೇಡ್ ಲಾಂಗ್ಲಿ.

ಅವನ ಕೈಯಲ್ಲಿ ಪಿಸ್ತೂಲು. ನನ್ನ ಮುಷ್ಟಿಯಲ್ಲಿ ಉಂಗುರ. ನಡುವೆ ಧಗಧಗಿಸುವ ಕುಲುಮೆ.

ಕಿಟಕಿಯಿಲ್ಲದ ಕೋಣೆ. ಒಂದೇ ಬಾಗಿಲು, ಕಬ್ಬಿಣದ್ದು. ಕೀಲಿ ಅವನ ಜೇಬಿನಲ್ಲಿ. ಆಚೆ ಸಭಾಂಗಣದಲ್ಲಿ ಆರುನೂರು ಜನ ಕೂತಿದ್ದರು... ಒಬ್ಬಳ ಕೂಗು ಆ ಬಾಗಿಲನ್ನು ದಾಟುವಂತಿರಲಿಲ್ಲ. ನನಗೆ ಭಯವಾಗಿತ್ತು. ಸುಳ್ಳೇಕೆ ಹೇಳಲಿ?

ಆರ್ಡೆನ್ ಸೈನಿಕ ಕಾಲೇಜಿನಲ್ಲಿ ಪ್ರತಿ ವಸಂತದಲ್ಲೂ ಉಂಗುರ ಕರಗಿಸುವ ವಿಧಿ ನಡೆಯುತ್ತದೆ. ಇಲ್ಲಿ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರಿಗೂ ಹೆಸರು ಕೆತ್ತಿದ ಚಿನ್ನದ ಉಂಗುರ ಸಿಗುತ್ತದೆ; ತೀರಿಕೊಂಡ ಹಳೆಯ ವಿದ್ಯಾರ್ಥಿಗಳ ಉಂಗುರಗಳನ್ನು ಮನೆಯವರು ಮರಳಿಸುತ್ತಾರೆ. ಇಲ್ಲಿ ಕರಗಿಸುತ್ತೇವೆ. ಆ ಚಿನ್ನ ಹೊಸ ತಂಡದ ಉಂಗುರಗಳಿಗೆ ಸೇರುತ್ತದೆ. ಒಂದೊಂದು ಉಂಗುರ ಬೀಳುವಾಗಲೂ ಈ ಕೋಣೆಯ ಮೈಕಿನಲ್ಲಿ ಹೆಸರು ಓದಬೇಕು. ಸಭೆಯೆಲ್ಲ "ಇಲ್ಲಿದ್ದೇನೆ" ಎಂದು ಸತ್ತವರ ಪರವಾಗಿ ಓಗೊಡುತ್ತದೆ.

ಈ ಸಲ ಹೆಸರು ಓದುವ ಸರದಿ ನನ್ನದು, ಕುಲುಮೆಯ ಕೆಲಸ ವೇಡ್‌ನದು. ಪಟ್ಟಿಯಲ್ಲಿ ಮೂವತ್ತೊಂದು ಹೆಸರು. ತಟ್ಟೆಯಲ್ಲಿ ಮೂವತ್ತೆರಡು ಉಂಗುರ.

ಆ ಹೆಚ್ಚುವರಿ ಉಂಗುರದ ಒಳಗೆ ಕೆತ್ತಿದ್ದ ಹೆಸರು ರೂಬೆನ್ ತಮಾಯೊ. ವರ್ಷದ ಹಿಂದೆ ಕಾಣೆಯಾದ ಹುಡುಗ, ವೇಡ್‌ನ ಸಹಪಾಠಿ. ಓಡಿಹೋದ ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ತಾಯಿ ಇನೆಸ್ ನಂಬಲಿಲ್ಲ. ಮಗನನ್ನು ಹುಡುಕಿಕೊಡಿ ಎಂದು ಪತ್ತೇದಾರಿಕೆ ಮಾಡುವ ನನ್ನ ಬಳಿ ಬಂದಿದ್ದರು.

"ಅವನು ಎಲ್ಲಿದ್ದಾನೆ, ವೇಡ್?"

"ಹಳೇ ಕಲ್ಲುಕ್ವಾರಿ ನೀರಲ್ಲಿ."

"ಯಾಕೆ?"

"ನಾನು ಪರೀಕ್ಷೇಲಿ ಕಾಪಿ ಹೊಡೆದಿದ್ದು ನೋಡಿಬಿಟ್ಟ. ದೂರು ಕೊಡ್ತೀನಿ ಅಂದ. ಹಾಗೇನಾದ್ರೂ ಆಗಿದ್ರೆ ನನಗೆ ಡಿಗ್ರಿನೂ ಇಲ್ಲ, ನನ್ನ ಬೆರಳಲ್ಲಿರೋ ಈ ಉಂಗುರಾನೂ ಇಲ್ಲ. ತಳ್ಳಿದೆ... ತಲೆ ಕಲ್ಲಿಗೆ ಬಡೀತು."

"ಉಂಗುರಾನೂ ಅಲ್ಲೇ ಎಸೀಬಹುದಿತ್ತಲ್ಲ?"

ಅವನಿಗೆ ಕೋಪ ಬಂತು. "ಉಂಗುರ ನೀರಿಗೆ ಎಸೀತಾರಾ ಯಾರಾದ್ರೂ? ನೀವೂ ಇದೇ ಕಾಲೇಜಿನವರು... ಹೀಗೆ ಕೇಳ್ತೀರಲ್ಲ ಮೇಡಂ."

ನೋಡಿ, ಆರ್ಡೆನ್‌ನವರ ತಲೆ ಕೆಲಸ ಮಾಡುವುದೇ ಹೀಗೆ. ಹೆಣವನ್ನು ಕ್ವಾರಿಗೆ ಹಾಕಲು ಅವನು ಹಿಂದುಮುಂದು ನೋಡಲಿಲ್ಲ. ಉಂಗುರವನ್ನು ಮಾತ್ರ ವರ್ಷವಿಡೀ ಬಚ್ಚಿಟ್ಟು, ಕುಲುಮೆಗೇ ತಂದಿದ್ದ.

ನನಗೆ ದಾರಿ ಹೊಳೆಯಿತು. ಸೆಕೆಗೆ ತಲೆ ಸುತ್ತಿದವಳಂತೆ ಮೇಜಿಗೆ ಒರಗಿದೆ. ಅಲ್ಲಿ ಮೈಕಿತ್ತು. ಅದರ ಗುಂಡಿಯನ್ನು ಅಂಗೈಯಿಂದ ಒತ್ತಿದೆ. ಕೆಂಪು ದೀಪ ಕೈಯಡಿ ಅಡಗಿತು. ಇನ್ನೊಂದು ಕೈಯಿಂದ ಉಂಗುರವನ್ನು ಅವನತ್ತ ಚಾಚಿದೆ.

"ತಗೋ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡ್ಕೋ. ಆದ್ರೆ ಜೊತೇಲಿ ಓದಿದವನನ್ನ ಹೆಸರಿಲ್ಲದೆ ಕಳಿಸ್ತೀಯೇನಪ್ಪ?"

ಅವನು ಉಂಗುರವನ್ನು ಉದ್ದ ಹಿಡಿಯ ಸೌಟಿಗೆ ಹಾಕಿದ. ಕುಲುಮೆಯ ಬಾಯಿಗೆ ಹಿಡಿದ. ತಡೆದ.

"ರೂಬೆನ್ ತಮಾಯೊ," ಎಂದ, ಮೆಲ್ಲಗೆ.

"ಇಲ್ಲಿದ್ದೇನೆ!"

ಆರುನೂರು ಗಂಟಲು. ಅಭ್ಯಾಸಬಲ. ಕಬ್ಬಿಣದ ಬಾಗಿಲನ್ನೂ ದಾಟಿ ಬಂತು ಆ ದನಿ.

ಇಲ್ಲಿ ಸತ್ತವರ ಹೆಸರನ್ನಷ್ಟೇ ಓದುವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನನ್ನ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಇನೆಸ್‌ಗೂ ಗೊತ್ತು. ಅವರ ಚೀರಾಟ ಆ ಬಾಗಿಲನ್ನು ದಾಟಿ ಬರಲಿಲ್ಲ, ಆದರೂ ಅವರು ಚೀರಿದ್ದಾರೆಂದು ನನಗೆ ಗೊತ್ತಿತ್ತು. ಆ ಸುದ್ದಿಯನ್ನು ಅವರಿಗೆ ನಾನೇ ಮುಟ್ಟಿಸಿದಂತಾಗಿತ್ತು, ಅದೂ ಹೀಗೆ.

ವೇಡ್ ಕಲ್ಲಾಗಿ ನಿಂತಿದ್ದ. ಸೌಟನ್ನು ಕಿತ್ತುಕೊಂಡೆ. ಪಿಸ್ತೂಲು ತಾನಾಗಿಯೇ ಅವನ ಕೈಯಿಂದ ಜಾರಿತು. ಹೊರಗಿನಿಂದ ಬಾಗಿಲು ಬಡಿಯತೊಡಗಿದರು. ಕೀಲಿ ಕೇಳಿದೆ, ಕೊಟ್ಟ.

ಬಾಗಿಲು ತೆರೆದಾಗ ಇನೆಸ್ ಒಳಗೆ ಬಂದು, ಆರಿದ ಉಂಗುರವನ್ನು ತೆಗೆದುಕೊಂಡು ಎದೆಗೊತ್ತಿಕೊಂಡರು.

ಪೊಲೀಸರು ಕೋಳ ಹಾಕುವಾಗ ವೇಡ್ ನನ್ನತ್ತ ತಿರುಗಿದ.

"ಮೇಡಂ... ನಾನು ಸತ್ತ ಮೇಲೆ ನನ್ನ ಉಂಗುರಾನೂ ಇಲ್ಲೇ ಕರಗಿಸ್ತಾರಾ?"

"ಕರಗಿಸಬಹುದು," ಅಂದೆ. "ಹೆಸರು ಓದೋಕೆ ಬರ್ತೀರಾ ಅಂತ ಇನೆಸ್ ಅವರನ್ನ ಕೇಳಿ ನೋಡ್ತೀನಿ."